ಅಟ್ಟದ ಮೇಲಿನ ಟ್ರಾನ್ಸ್‌ಫಾರ್ಮರು

ಮೇಲಿನ ಮನೆಯ ಹುಡುಗ ಎಂಜಿನಿಯರಿಂಗ್ ಓದುತ್ತಾನೆ. ಒಂದು ಸಂಜೆ ಚಪ್ಪಲಿ ಡಬ್ಬಿಯಷ್ಟಿದ್ದ ಆಂಪ್ಲಿಫೈಯರ್ ಹಿಡಿದುಕೊಂಡು ಬಂದ. "ಅಂಕಲ್, ನೀವು ಯಾವಾಗ್ಲೂ ವಾಲ್ವು ವಾಲ್ವು ಅಂತಿರ್ತೀರಲ್ಲ, ನೋಡಿ, ನಾನೂ ಒಂದು ತರಿಸಿದೀನಿ" ಅಂದ. ಮುಂಭಾಗದಲ್ಲಿ ಟ್ರಾನ್ಸಿಸ್ಟರಿಗೂ ಹಿಂದಿನ ಕಾಲದ ಗಾಜಿನ ಕೊಳವೆಗಳು, ಎರಡು ಪುಟ್ಟ ವಾಲ್ವುಗಳು, ನಿಂತಿದ್ದವು. ಸ್ವಿಚ್ ಹಾಕಿದ ಕ್ಷಣಕ್ಕೇ ಎರಡರ ಬುಡದಲ್ಲೂ ಕಿತ್ತಳೆ ಬೆಳಕು ಹೊತ್ತಿತು. ನನಗೆ ಅಲ್ಲೇ ಅನುಮಾನ. ವಾಲ್ವಿನ ಹೀಟರ್ ಹಾಗೆ ಹೊತ್ತುವುದಿಲ್ಲ. ಮೊದಲು ಏನೂ ಕಾಣುವುದಿಲ್ಲ. ಬೂದಿ ಮುಚ್ಚಿದ ಕೆಂಡವನ್ನು ಊದಿದ ಹಾಗೆ ನಿಧಾನಕ್ಕೆ ಕೆಂಪೇರುತ್ತದೆ, ಹತ್ತು ಹದಿನೈದು ಸೆಕೆಂಡು ಕಳೆದ ಮೇಲೆ ದನಿ ಬರುತ್ತದೆ. ಸ್ವಿಚ್ ಆರಿಸಿ ಒಂದು ವಾಲ್ವನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಮತ್ತೆ ಹಾಕಿದೆ. ಖಾಲಿ ಸಾಕೆಟ್ಟಿನ ನಡುವಿನ ತೂತಿನಿಂದ ಅದೇ ಬೆಳಕು ಬರುತ್ತಿತ್ತು. ಕೆಳಗೆ ಎಲ್‌ಇಡಿ ಕೂರಿಸಿದ್ದರು.

ಹುಡುಗನ ಮುಖ ಬಾಡಿತು. ಬಿಚ್ಚಿ ನೋಡಿದರೆ ಸ್ಪೀಕರನ್ನು ನಡೆಸುವ ಕೆಲಸವೆಲ್ಲ ಒಂದು ಐಸಿಯದು. ವಾಲ್ವುಗಳಿಗೆ ಕೊಟ್ಟಿದ್ದು ಇಪ್ಪತ್ತು ಚಿಲ್ಲರೆ ವೋಲ್ಟು. ಅದಕ್ಕಿಂತ ಎಷ್ಟೋ ಹೆಚ್ಚು ವೋಲ್ಟಿನಲ್ಲಿ ದುಡಿಯಬೇಕಾದ ವಸ್ತುವನ್ನು ಹಾಗೆ ಅರೆಹೊಟ್ಟೆಯಲ್ಲಿ ನಿಲ್ಲಿಸಿ, ಕೆಳಗಿನಿಂದ ದೀಪ ಬಿಟ್ಟಿದ್ದು ಕಂಡು ನನಗೆ ನಿಜಕ್ಕೂ ನೋವಾಯಿತು.

ನಾನು ಈ ಕೆಲಸಕ್ಕೆ ಸೇರಿದ್ದು 1974ರಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ. ಬೆಂಗಳೂರಿನ ಚಿಕ್ಕಪೇಟೆಯ ಹಿಂದೆ, ಎಸ್‌ಪಿ ರಸ್ತೆಗೆ ಹೋಗುವ ಓಣಿಯಲ್ಲಿ ಎಂಟಡಿ ಅಗಲದ ರೇಡಿಯೊ ರಿಪೇರಿ ಅಂಗಡಿ. ಗೋಡೆಯ ಉದ್ದಕ್ಕೂ ಫಿಲಿಪ್ಸ್, ಮರ್ಫಿ, ಬುಷ್, ಎಚ್‌ಎಂವಿ ಸೆಟ್ಟುಗಳು, ಪ್ರತಿಯೊಂದರ ಕಿವಿಗೂ ದಾರ ಕಟ್ಟಿದ ಚೀಟಿ. ಒಳಗೆ ಕಾಲಿಟ್ಟರೆ ಸುಟ್ಟ ರಾಳದ ವಾಸನೆ. ಮೆಕ್ಯಾನಿಕ್ಕನ್ನು ಓಣಿಯವರೆಲ್ಲ ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಕಲಿಸಿದ ಮೊದಲ ಪಾಠ: "ಎಡಗೈ ಜೇಬಲ್ಲಿಟ್ಕೊ ಮಗಾ, ಬಲಗೈ ಒಂದೇ ಒಳಗೆ ಹಾಕು." ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ. ಎಸಿ ಡಿಸಿ ಎರಡಕ್ಕೂ ನಡೆಯುವ ಸೆಟ್ಟುಗಳಲ್ಲಂತೂ ಚಾಸಿಯೇ ಮೇನ್ಸಿಗೆ ಸೇರಿರುತ್ತಿತ್ತು. ಇವತ್ತಿಗೂ ಚಾಸಿ ಬಿಚ್ಚಿದರೆ ನನ್ನ ಎಡಗೈ ತಾನಾಗಿ ಜೇಬಿಗೆ ಹೋಗುತ್ತದೆ.

ಬಂದ ಸೆಟ್ಟನ್ನು ಯಾವತ್ತೂ ನೇರವಾಗಿ ಪ್ಲಗ್ಗಿಗೆ ಹಾಕುತ್ತಿರಲಿಲ್ಲ. ನೂರು ವ್ಯಾಟಿನ ಸೀರೀಸ್ ಬಲ್ಬಿನ ಮೂಲಕವೇ ಮೊದಲು ಕರೆಂಟು. ಬಲ್ಬು ಪೂರ್ತಿ ಉರಿದರೆ ಒಳಗೆಲ್ಲೋ ಶಾರ್ಟು; ಒಮ್ಮೆ ಹೊಳೆದು ಮಂಕಾದರೆ ಮುಂದುವರಿಯಬಹುದು. ಆಮೇಲೆ ಉಸ್ತಾದರು ಸ್ಕ್ರೂಡ್ರೈವರಿನ ತುದಿಯನ್ನು ವಾಲ್ಯೂಮ್ ಕಂಟ್ರೋಲಿನ ನಡುವಿನ ಕಡ್ಡಿಗೆ ಮುಟ್ಟಿಸುತ್ತಿದ್ದರು. ಸ್ಪೀಕರ್ "ಬೊರ್" ಎಂದರೆ ಅಲ್ಲಿಂದ ಮುಂದಿನದೆಲ್ಲ ಸರಿ, ರೋಗ ಹಿಂದೆ ಇದೆ. ಮೀಟರ್ ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ರಿಪೇರಿ ಕಿವಿಯಲ್ಲಿ ಮುಗಿದಿರುತ್ತಿತ್ತು.

ಬಿಡಿಭಾಗಕ್ಕೆ ದೂರ ಹೋಗಬೇಕಿರಲಿಲ್ಲ. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಬಿಇಎಲ್ 1961ರಿಂದ ರೇಡಿಯೊ ವಾಲ್ವುಗಳನ್ನೂ ಮಾಡುತ್ತಿತ್ತು. ನಮ್ಮೂರಿನಲ್ಲೇ ಹುಟ್ಟಿದ ವಾಲ್ವನ್ನು ಸಾಕೆಟ್ಟಿಗೆ ಒತ್ತುವಾಗ ನನಗೊಂದು ಹೆಮ್ಮೆ ಇತ್ತು. ಅದರ ಹೆಸರನ್ನು ಓದುವುದನ್ನೂ ಉಸ್ತಾದರೇ ಕಲಿಸಿದ್ದು. ಇಎಲ್84 ಅಂದರೆ ಇ ಎಂಬುದು 6.3 ವೋಲ್ಟಿನ ಹೀಟರು, ಎಲ್ ಎಂಬುದು ಸ್ಪೀಕರಿಗೆ ಶಕ್ತಿ ಕೊಡುವ ಪೆಂಟೋಡು, 8 ಎಂದರೆ ಒಂಬತ್ತು ಕಡ್ಡಿಯ ಬುಡ.

ಎಲ್ಲ ಬದಲಾದದ್ದು ಬೇಗ. ಟ್ರಾನ್ಸಿಸ್ಟರು ಆಗಲೇ ಬಂದಾಗಿತ್ತು. 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂತು, ಹಿಂದೆಯೇ ಕ್ಯಾಸೆಟ್ಟು. ಎಸ್‌ಪಿ ರಸ್ತೆಯ ತುಂಬ 2ಎನ್3055 ಹಾಕಿದ ಅಸೆಂಬಲ್ಡ್ ಆಂಪ್ಲಿಫೈಯರುಗಳು, ಟಿಬಿಎ810 ಐಸಿಯ ಕಿಟ್ಟುಗಳು. ಆಮೇಲೆ ಅದೇ ಅಂಗಡಿಗಳಲ್ಲಿ ಕಂಪ್ಯೂಟರು. ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಅಂಟಿಸಿಕೊಂಡು ಬರುತ್ತಿದ್ದ ಗಿರಾಕಿಗಳು ರಿಪೇರಿಗೆ ಬಿಟ್ಟ ಸೆಟ್ಟನ್ನು ವಾಪಸು ಕೇಳಲೂ ಬರಲಿಲ್ಲ.

ಆ ಸೆಟ್ಟುಗಳನ್ನು ಒಡೆದವರಲ್ಲಿ ನಾನೂ ಒಬ್ಬ. ಉಸ್ತಾದರು ತೀರಿಕೊಂಡ ಮೇಲೆ ಬಾಡಿಗೆ ಕಟ್ಟಲು ಬೇರೆ ದಾರಿ ಇರಲಿಲ್ಲ. ಗುಜರಿಯವರಿಗೆ ಬೇಕಿದ್ದದ್ದು ತಾಮ್ರ. ಟ್ರಾನ್ಸ್‌ಫಾರ್ಮರಿನ ಸ್ಟಾಂಪಿಂಗ್ ತಗಡುಗಳನ್ನು ಉಳಿಯಿಂದ ಮೀಟಿ, ವೈಂಡಿಂಗಿಗೆ ಬೆಂಕಿ ಹಚ್ಚಿ ವಾರ್ನಿಷ್ ಸುಟ್ಟು, ಉಳಿದ ತಂತಿಯನ್ನು ಉಂಡೆ ಮಾಡಿ ತೂಕಕ್ಕೆ ಹಾಕುತ್ತಿದ್ದೆ. ರೇಡಿಯೊಗ್ರಾಂನ ಟ್ರಾನ್ಸ್‌ಫಾರ್ಮರು ಸಿಕ್ಕರೆ ಖುಷಿ, ತೂಕ ಹೆಚ್ಚು ಬರುತ್ತದೆ ಅಂತ. ಎಷ್ಟು ಸುಟ್ಟೆ ಅಂತ ಲೆಕ್ಕ ಇಟ್ಟಿಲ್ಲ. ಒಂದೇ ಮಾದರಿಯ ಎರಡು ಮಾತ್ರ, ಯಾಕೋ ಮನಸ್ಸು ಬಾರದೆ, ಮನೆಯ ಅಟ್ಟಕ್ಕೆ ಹಾಕಿದ್ದೆ.

ಹುಡುಗ ಸೋಲುವವನಲ್ಲ. ಎರಡು ತಿಂಗಳ ಮೇಲೆ ಇನ್ನೊಂದು ಸೆಟ್ಟು ತರಿಸಿದ. ಅದೂ ಚೀನಾದ್ದೇ, ಅಗ್ಗದ್ದೇ, ಆದರೆ ಪ್ರಾಮಾಣಿಕವಾದದ್ದು. 6ಪಿ1 ಎಂಬ ವಾಲ್ವು ಕಡೆಗೊಂದು, ಪ್ಲೇಟಿನಲ್ಲಿ 250 ವೋಲ್ಟಿನಷ್ಟು ಇತ್ತು, ಸ್ವಿಚ್ ಹಾಕಿದ ಮೇಲೆ ಕಾಯಬೇಕಿತ್ತು. ಒಂದೊಂದು ಕಡೆಗೆ ಮೂರೂವರೆ ವ್ಯಾಟು, ಮನೆಗೆ ಧಾರಾಳ. ಬೆಸುಗೆ ಚೊಕ್ಕಟವಾಗಿತ್ತು. ಗುಂಯ್ ಎನ್ನುವ ಸದ್ದು ನಮ್ಮ ಹಳೆಯ ಸೆಟ್ಟುಗಳಿಗಿಂತ ಕಡಿಮೆ, ಅದನ್ನು ಒಪ್ಪಲೇಬೇಕು. ಹಳೆಯದೆಲ್ಲ ಚಿನ್ನವಲ್ಲ: ಆ ಕಾಲದ ಪೇಪರ್ ಕಂಡೆನ್ಸರುಗಳು ಸೋರಿ, ಗ್ರಿಡ್ಡಿಗೆ ವೋಲ್ಟು ಹತ್ತಿ, ಇಎಲ್84ರ ಪ್ಲೇಟೇ ಕೆಂಪಗೆ ಕಾದು ಹೋದದ್ದನ್ನು ನೂರು ಸಲ ಕಂಡಿದ್ದೇನೆ. ಅಜ್ಜನ ಕಾಲದ ಸೆಟ್ಟು ಸಿಕ್ಕಿತೆಂದು ಯಾರೂ ಅದನ್ನು ನೇರ ಪ್ಲಗ್ಗಿಗೆ ಹಾಕಬೇಡಿ.

ಕೇಳಲು ಕೂತೆವು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. ಅಂಗಡಿಯಲ್ಲಿ ಆಕಾಶವಾಣಿಯಿಂದ ಎಷ್ಟೋ ಸಲ ಕೇಳಿದ ಕೈ ಅದು. ಮೇಲಿನ ತಂತಿಗಳು ಸ್ಪಷ್ಟವಾಗಿದ್ದವು. ಮಂದ್ರಕ್ಕೆ ಇಳಿದಾಗ ಮಾತ್ರ ನಾದ ತೆಳ್ಳಗಾಯಿತು, ಮೃದಂಗದ ಎಡಭಾಗ ರಟ್ಟಿನ ಡಬ್ಬಿ ಬಡಿದಂತೆ ಕೇಳಿತು. ಸೆಟ್ಟನ್ನು ಮಗುಚಿ ನೋಡಿದೆ. ವಾಲ್ವನ್ನು ಸ್ಪೀಕರಿಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರುಗಳು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡವು, ಅಷ್ಟೆ. ಇಂಥ ಒಂಟಿ ವಾಲ್ವಿನ ಸೆಟ್ಟಿನಲ್ಲಿ ಡಿಸಿ ಕರೆಂಟು ಯಾವಾಗಲೂ ಆ ವೈಂಡಿಂಗಿನ ಮೂಲಕವೇ ಹರಿಯುತ್ತದೆ, ಕಬ್ಬಿಣದಲ್ಲಿ ಆಗಲೇ ಅರ್ಧ ಕಾಂತತೆ ತುಂಬಿರುತ್ತದೆ. ಮೇಲೆ ಮಂದ್ರದ ಭಾರ ಬಿದ್ದರೆ ಸಣ್ಣ ಕಬ್ಬಿಣ ಹೊರಲಾರದು.

ಅಟ್ಟದ ಮೇಲಿದ್ದ ಆ ಎರಡೂ ಇಎಲ್84 ಸೆಟ್ಟಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರುಗಳೇ; ಇಳಿಸಿದೆ. ಒಂದರಲ್ಲಿ ವಾಲ್ವಿನ ಕಡೆಯ ವೈಂಡಿಂಗು, ಅಂದರೆ ಪ್ರೈಮರಿ, ಕಡಿದುಹೋಗಿತ್ತು; ತಂತಿಯ ತುದಿಯಲ್ಲಿ ಹಸಿರು ಕಿಲುಬು ಹಿಡಿದಿತ್ತು. ಇನ್ನೊಂದು ಸರಿ ಇತ್ತು. ಇಎಲ್84ಕ್ಕೆ ಬೇಕಾದ ಲೋಡು 5,200 ಓಂ, 6ಪಿ1ಕ್ಕೂ ಹೆಚ್ಚುಕಡಿಮೆ ಅಷ್ಟೇ. ನಾಲ್ಕು ಓಂ ಸ್ಪೀಕರಿಗೆ ಪ್ರೈಮರಿಯಲ್ಲಿ 36 ಸುತ್ತಿದ್ದರೆ ಸ್ಪೀಕರಿನ ಕಡೆಯ ಸೆಕೆಂಡರಿಯಲ್ಲಿ ಒಂದು. ಎಡಗಡೆಯ ಚಾನೆಲ್ಲಿಗೆ ಹಳೆಯ ಟ್ರಾನ್ಸ್‌ಫಾರ್ಮರು ಜೋಡಿಸಿ, ಬಲಗಡೆಯದನ್ನು ಇದ್ದಂತೆಯೇ ಬಿಟ್ಟೆ. ಸ್ವಿಚ್ ಹಾಕಿದರೆ ಸ್ಪೀಕರ್ ಕಿರುಚಿತು. ಸ್ಪೀಕರಿನ ಕಡೆಯಿಂದ ಹಿಂದಕ್ಕೆ ಹೋಗುವ ಫೀಡ್‌ಬ್ಯಾಕ್ ತಿರುಗುಮುರುಗಾಗಿದೆ ಎಂದು ತಿಳಿದು ಸೆಕೆಂಡರಿಯ ಎರಡು ತಂತಿ ಅದಲುಬದಲು ಮಾಡಿದೆ. ನಿಶ್ಶಬ್ದ.

ಎರಡೂ ಕಡೆಗೆ ಒಂದೇ ಧ್ವನಿಮುದ್ರಣ, ಒಂದೇ ಬಗೆಯ ಸ್ಪೀಕರು. ಹುಡುಗ ಒಮ್ಮೆ ಬಲಗಡೆ, ಒಮ್ಮೆ ಎಡಗಡೆ ಕಿವಿಯಿಟ್ಟ. ಎಡಗಡೆಯಲ್ಲಿ ಮಂದ್ರದ ತಂತಿ ಮೀಟಿದ ಮೇಲೂ ನಾದ ಕೋಣೆಯಲ್ಲಿ ನಿಂತಿತ್ತು, ಮೃದಂಗದ ಎಡಭಾಗಕ್ಕೆ ಚರ್ಮ ಬಂದಿತ್ತು. ಇದರಲ್ಲಿ ಹಳೆಯ ಕಾಲದ ಮಾಯೆ ಏನೂ ಇಲ್ಲ. ವಾಲ್ವು ಹೊಸದು, ಕಂಡೆನ್ಸರು ಹೊಸದು, ಕಬ್ಬಿಣ ಮತ್ತು ತಾಮ್ರ ಮಾತ್ರ ಹಳೆಯವು. ಅಗ್ಗದ ಸೆಟ್ಟಿನಲ್ಲಿ ಖರ್ಚು ಉಳಿಸಿರುವುದು ಅಲ್ಲೇ, ಯಾಕೆಂದರೆ ತೂಕ ಯಾರ ಕಣ್ಣಿಗೂ ಬೀಳುವುದಿಲ್ಲ.

"ಇಂಥದ್ದು ಇನ್ನೊಂದು ಎಲ್ಲಿ ಸಿಗುತ್ತೆ ಅಂಕಲ್?" ಎಂದ. ಉತ್ತರ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸುಟ್ಟು ತೂಕಕ್ಕೆ ಹಾಕಿದ್ದನ್ನೆಲ್ಲ ಅವನಿಗೆ ಹೇಳಿದೆ.

ಪೇಟೆಯಲ್ಲಿ ಕೈಯಿಂದ ವೈಂಡಿಂಗ್ ಮಾಡಿಕೊಡುವ ಒಬ್ಬರು ಈಗಲೂ ಇದ್ದಾರೆ. "ಸುತ್ತಿನ ಲೆಕ್ಕ ತಂದುಕೊಡಿ, ಮಾಡಿಕೊಡ್ತೀನಿ" ಎಂದರು. ಈ ಭಾನುವಾರ ಕೆಟ್ಟುಹೋದ ಟ್ರಾನ್ಸ್‌ಫಾರ್ಮರನ್ನು ಬಿಚ್ಚಲು ಕೂತೆವು. ಈ ಸಲ ಉಳಿಯಿಲ್ಲ, ಬೆಂಕಿಯಿಲ್ಲ. ತಗಡುಗಳನ್ನು ಒಂದೊಂದಾಗಿ ಎಳೆದು ಪತ್ರಿಕೆಯ ಮೇಲೆ ಜೋಡಿಸಿಟ್ಟೆವು. ಕೂದಲೆಳೆಯಂಥ ತಂತಿಯನ್ನು ನಾನು ಸುತ್ತು ಸುತ್ತಾಗಿ ಬಿಚ್ಚುತ್ತ ಎಣಿಸುತ್ತೇನೆ, ನೂರಾದಾಗಲೆಲ್ಲ ಹುಡುಗ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಹಾಕುತ್ತಾನೆ. ಕತ್ತಲಾಗುವ ಹೊತ್ತಿಗೆ ಹದಿನಾಲ್ಕು ಗೆರೆ ಆಗಿತ್ತು.