ಷ್ಮಿಟ್ ಮನೆತನ ಸ್ಮಿತ್ ಆದ ವರ್ಷ

ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಓದುವಾಗ ಲಿಂಕನ್ ಊರಿನಲ್ಲಿ ನಾನು ಬಾಡಿಗೆಗಿದ್ದದ್ದು ಸ್ಮಿತ್ ಎಂಬ ಹಿರಿಯರ ಮನೆಯಲ್ಲಿ. ನನಗೆ ಅವರು ಅಜ್ಜನ ಹಾಗೆಯೇ. ಒಂದು ಜನವರಿ ರಾತ್ರಿ ಹಿಮ ಸುರಿದು ಕರೆಂಟು ಹೋಯಿತು. ಕಟ್ಟಿಗೆ ಒಲೆಯ ಮುಂದೆ ಕೂತಿದ್ದಾಗ ಅಜ್ಜ ದಪ್ಪನೆಯ ಬೈಬಲ್ ಒಂದನ್ನು ತಂದು ನನ್ನ ತೊಡೆಯ ಮೇಲಿಟ್ಟರು.

ಮೊದಲ ಪುಟಗಳಲ್ಲಿ ಮನೆಯವರ ಹುಟ್ಟು, ಮದುವೆ, ಸಾವುಗಳ ಪಟ್ಟಿ. ಹಳೆಯ ಜರ್ಮನ್ ಕೈಬರಹ, ಮುಳ್ಳುಬೇಲಿಯ ಹಾಗೆ ಒತ್ತೊತ್ತಾಗಿತ್ತು. ಸಾಲುಸಾಲಿಗೂ ಷ್ಮಿಟ್. ಕೊನೆಯ ಸಾಲು ಮಾತ್ರ ಇಂಗ್ಲಿಷ್: 1918ರಲ್ಲಿ ಹುಟ್ಟಿದ ಗಂಡುಮಗು, ಹೆಸರಿನ ಜೊತೆ ಸ್ಮಿತ್. ಆ ಮಗುವೇ ಅಜ್ಜನ ಅಪ್ಪ. ಬರೆದ ಕೈ ಅದೇ. ಎಸ್ ಅಕ್ಷರದ ಬಾಗು ಕೂಡ ಹಳೆಯದೇ.

"ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಬದಲಿಸಿದ್ದೇ?" ಎಂದೆ. ಅಜ್ಜ ಇಲ್ಲವೆಂದು ತಲೆಯಾಡಿಸಿದರು. ವಲಸಿಗರು ಬಂದಿಳಿಯುತ್ತಿದ್ದ ಆ ದ್ವೀಪದಲ್ಲಿ ಅಧಿಕಾರಿಗಳು ಹಡಗಿನ ಪಟ್ಟಿಯಲ್ಲಿದ್ದ ಹೆಸರನ್ನು ತಾಳೆ ನೋಡುತ್ತಿದ್ದರು, ಅಷ್ಟೆ. "ನಮ್ಮ ಹೆಸರು ಹೋದದ್ದು ಇಲ್ಲೇ, ನಮ್ಮ ಅಂಗಳದಲ್ಲಿ."

1917ರ ಏಪ್ರಿಲ್‌ನಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. 1683ರಲ್ಲಿ ಫಿಲಡೆಲ್ಫಿಯಾದ ಪಕ್ಕ ಜರ್ಮನ್‌ಟೌನ್ ಕಟ್ಟಿದಂದಿನಿಂದ ಆ ನೆಲಕ್ಕೆ ಬಂದು ಬೇರೂರಿದ್ದ ಜನರ ಮೇಲೆ ಒಮ್ಮೆಲೇ ಅನುಮಾನದ ಕಣ್ಣು ಬಿತ್ತು. ಜರ್ಮನ್ನರ ಹುಳಿ ಬರಿಸಿದ ಎಲೆಕೋಸಿಗೂ 'ಲಿಬರ್ಟಿ ಕ್ಯಾಬೇಜ್' ಎಂದು ಹೊಸ ಹೆಸರಿಟ್ಟರು. ಕೆಲವು ಊರುಗಳಲ್ಲಿ ಜರ್ಮನ್ನರ ಮನೆಗೆ, ಚರ್ಚಿಗೆ ಹಳದಿ ಬಣ್ಣ ಬಳಿದರು. 1918ರ ಏಪ್ರಿಲ್‌ನಲ್ಲಿ ಇಲಿನಾಯ್‌ನ ಕಾಲಿನ್ಸ್‌ವಿಲ್‌ನಲ್ಲಿ ರಾಬರ್ಟ್ ಪ್ರಾಗರ್ ಎಂಬ ಜರ್ಮನ್ ವಲಸಿಗನನ್ನು ಜನರ ಗುಂಪು ಮರಕ್ಕೆ ನೇಣು ಹಾಕಿತು. ಆ ಸುದ್ದಿ ಕಿವಿಗೆ ಬಿದ್ದ ಮೇಲೆ ಅಜ್ಜನ ತಾತ ಟಪಾಲು ಡಬ್ಬಿಯ ಮೇಲಿದ್ದ ಹೆಸರನ್ನು ಕೆರೆದು ಸ್ಮಿತ್ ಎಂದು ಬರೆದರಂತೆ. ಅವರ ಹೆಂಡತಿ ಆ ರಾತ್ರಿ ಊಟ ಮುಟ್ಟಲಿಲ್ಲವಂತೆ.

ಮರುವರ್ಷ ನೆಬ್ರಾಸ್ಕ ಕಾನೂನನ್ನೇ ತಂದಿತು: ಎಂಟನೇ ತರಗತಿ ಮುಗಿಸದ ಮಕ್ಕಳಿಗೆ ಪರಭಾಷೆ ಕಲಿಸಕೂಡದು. ಹ್ಯಾಂಪ್ಟನ್‌ನ ರಾಬರ್ಟ್ ಮೇಯರ್ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್‌ನಲ್ಲಿ ಬೈಬಲ್ ಕತೆ ಓದಿಸಿದ್ದಕ್ಕೆ 25 ಡಾಲರ್ ದಂಡ ಬಿತ್ತು. ಅವರು ಪಟ್ಟು ಬಿಡಲಿಲ್ಲ. 1923ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ರದ್ದು ಮಾಡಿತು.

"ನೀನು ಓದುವ ವಿಶ್ವವಿದ್ಯಾಲಯದಲ್ಲೇ ಜಾನ್ ಪರ್ಶಿಂಗ್ ಸೈನ್ಯಶಿಕ್ಷಣ ಕಲಿಸಿದ್ದರು, ಗೊತ್ತೇನಪ್ಪ?" ಎಂದರು ಅಜ್ಜ. 1918ರಲ್ಲಿ ಫ್ರಾನ್ಸ್‌ನಲ್ಲಿ ಅಮೆರಿಕದ ಸೇನೆಯನ್ನು ನಡೆಸುತ್ತಿದ್ದವರು ಅವರೇ. ಆ ಪರ್ಶಿಂಗರ ಪೂರ್ವಜರ ಹೆಸರು ಫರ್ಶಿನ್, ಜರ್ಮನ್ ಮೂಲದ್ದು. ದೇಶದ ದಂಡನಾಯಕನಿಗೆ ಇಲ್ಲದ ಕಳಂಕ ಒಬ್ಬ ರೈತನಿಗೆ ಅಂಟಿತು.

1944ರಲ್ಲಿ ಅಜ್ಜನ ಅಪ್ಪ ಯುರೋಪಿನಲ್ಲಿ ಹೋರಾಡಿದರು. ಮೇಲಿನ ಮಹಾದಂಡನಾಯಕ ಐಸೆನ್‌ಹೋವರ್. ಅತ್ತ ಪೆಸಿಫಿಕ್‌ನಲ್ಲಿ ನೌಕಾಪಡೆಗೆ ನಿಮಿಟ್ಜ್. ಇಬ್ಬರೂ ಜರ್ಮನ್ ಮನೆತನದವರೇ. ಅವರ ಹೆಸರು ಕೇಳಿ ದೇಶ ಅವರನ್ನು ದೂರ ಇಡಲಿಲ್ಲ. ಆದರೆ ಅಷ್ಟು ಹೊತ್ತಿಗೆ ಷ್ಮಿಟ್ ಮನೆಯ ಜಮೀನಿನ ಪತ್ರ, ಸೇನೆಯ ದಾಖಲೆ, ಸಮಾಧಿಯ ಕಲ್ಲು ಎಲ್ಲದರಲ್ಲೂ ಸ್ಮಿತ್ ಕೂತಾಗಿತ್ತು. ಹೆದರಿ ಬಿಟ್ಟ ಹೆಸರು ಹೆದರಿಕೆ ಹೋದ ಮೇಲೂ ಮರಳಲಿಲ್ಲ.

ಹೆಸರಿಗೂ ದೇಶನಿಷ್ಠೆಗೂ ಸಂಬಂಧವಿಲ್ಲ ಎಂದು ನಾನು ಕಲಿತದ್ದು ಆ ರಾತ್ರಿ. ಯಾರದೋ ಹೆಸರು ಹಿಡಿದು ಅವರು ಎತ್ತಲಿನವರು ಎಂದು ಅನುಮಾನಿಸುವ ಮಾತು ಬಂದಾಗಲೆಲ್ಲ ಈ ಕತೆಯನ್ನು ಹೇಳದೆ ನಾನು ಎದ್ದದ್ದಿಲ್ಲ.