ತಮ್ಮನ ಗಿಟಾರು

ಬಳಸುವುದಕ್ಕೂ ಆಗದೆ, ಬಿಸುಡುವುದಕ್ಕೂ ಮನಸ್ಸು ಬಾರದೆ ಉಳಿದುಕೊಂಡ ಪದಾರ್ಥವೊಂದು ಪ್ರತಿಯೊಂದು ಮನೆಯಲ್ಲಿಯೂ ಇದ್ದೇ ಇರುತ್ತದೆ. ಕೆಲವರ ಮನೆಯಲ್ಲಿ ಅದು ಕೈಮುರಿದ ಕುರ್ಚಿ. ಕೆಲವರಲ್ಲಿ ನಡೆಯದ ಗಡಿಯಾರ. ನಮ್ಮ ಮನೆಯಲ್ಲಿ ಮೂರು ವರ್ಷಗಳ ಕಾಲ ಅದು ಬೀರುವಿನ ಮೇಲೆ ಕರಿಯ ಪೆಟ್ಟಿಗೆಯಲ್ಲಿ ಮಲಗಿದ್ದ ಒಂದು ವಿದ್ಯುತ್ ಗಿಟಾರು. ಅದು ನಮ್ಮ ತಮ್ಮನದು. ಅವನು ತೀರಿಕೊಂಡ ಮೇಲೆ ಅದನ್ನು ಕೆಳಗಿಳಿಸಿದವರೂ ಇಲ್ಲ. ಅದರ ಮಾತೆತ್ತಿದವರೂ ಇಲ್ಲ.

ನಾವು ಸಂಗೀತಗಾರರಲ್ಲ. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತರಾದವರು. ಆದರೂ ನಮ್ಮ ತಾಯಿಯವರ ತಂಬೂರಿಯ ಶ್ರುತಿ ಕೇಳುತ್ತ ಬೆಳೆದವರಾದುದರಿಂದ, ನಾದವೆಂದರೆ ಹೀಗಿರಬೇಕು ಎಂಬ ಒಂದು ಅಭಿಮಾನ ನಮ್ಮಲ್ಲಿ ಇದ್ದಿತು. 1994ರಲ್ಲಿ ತಮ್ಮನು ಬೆಂಗಳೂರಿನಿಂದ ಯಾರೋ ಬಳಸಿ ಬಿಟ್ಟ ಆ ಗಿಟಾರನ್ನು ಕೊಂಡುತಂದಾಗ, ಸೋರೆಬುರುಡೆಯೂ ಇಲ್ಲದ, ಹೊಟ್ಟೆಯೂ ಟೊಳ್ಳಿಲ್ಲದ ಆ ಹಲಗೆಯನ್ನು ಕಂಡು ನಾವು ನಕ್ಕೆವು. ಅವನು ರಾತ್ರಿ ಊಟವಾದ ಮೇಲೆ ಮುಂದಿನ ಕೋಣೆಯಲ್ಲಿ ಕುಳಿತು ನುಡಿಸುವನು. ಗೋಡೆಯ ಈಚೆ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ನಾವು ಒಮ್ಮೆ, “ಕಿವಿಗೆ ಸೂಜಿ ಚುಚ್ಚಿದಂತಾಗುತ್ತದೆಯಪ್ಪಾ” ಎಂದುಬಿಟ್ಟೆವು. ಅವನು ಮರುಮಾತನಾಡಲಿಲ್ಲ. ನಾವೂ ಆ ಮಾತನ್ನು ಮರೆತೆವು.

ಕಳೆದ ಬೇಸಿಗೆಯಲ್ಲಿ ತಮ್ಮನ ಮಗನು, ಪರೀಕ್ಷೆ ಮುಗಿದ ಮಾರನೆಯ ದಿನ, ಕುರ್ಚಿ ಹಾಕಿಕೊಂಡು ಆ ಪೆಟ್ಟಿಗೆಯನ್ನು ಇಳಿಸಿದನು. ಹೊಸ ತಂತಿಗಳನ್ನು ತಂದು ಕಟ್ಟಿದನು. ಆಂಪ್ಲಿಫೈಯರಿಗೆ ಸೇರಿಸಿದಾಗ ಗುಂಯ್ ಎಂಬ ಮೊರೆತವೊಂದೇ ಮೊದಲು ಕೇಳಿಬಂದಿತು. ತಂತಿಗಳ ಕೆಳಗೆ, ಹಲಗೆಯ ಮೇಲೆ, ಸಾಲಾಗಿ ಮೂರು ಸಣ್ಣ ಪಟ್ಟಿಗಳಿದ್ದುವು. ವಾದಕರು ಇವನ್ನು ಪಿಕಪ್ ಎಂದು ಕರೆಯುತ್ತಾರೆ. ಕುದುರೆಯ ಕಡೆಯ ಪಿಕಪ್ ಪೂರ್ಣ ಮೂಕವಾಗಿದ್ದಿತು. ಉಳಿದೆರಡು ನುಡಿದರೂ ಮೊರೆತವನ್ನು ಬಿಡಲಿಲ್ಲ.

“ದೊಡ್ಡಪ್ಪ, ಮೂರನ್ನೂ ಕಿತ್ತುಹಾಕಿ ಜೋಡಿಸುರುಳಿಯ ಹೊಸ ಪಿಕಪ್ ಹಾಕಿಸೋಣ. ಮೊರೆತವೂ ಹೋಗುತ್ತದೆ, ಸದ್ದೂ ಜೋರಾಗುತ್ತದೆ” ಎಂದು ಹುಡುಗನು ಹೇಳಿದನು. ಅವನ ತಾಯಿ ಬಾಗಿಲಲ್ಲಿ ನಿಂತಿದ್ದವಳು ಮೆಲ್ಲನೆ, “ಭಾವ, ಹಾಗೆ ಮಾಡಿದರೆ ಅವರು ನುಡಿಸುತ್ತಿದ್ದ ದನಿ ಉಳಿಯುತ್ತದೆಯೇ?” ಎಂದು ಕೇಳಿದಳು. ಇಬ್ಬರೂ ನಮ್ಮ ಮುಖವನ್ನೇ ನೋಡಿದರು. ಉತ್ತರ ನಮಗೆ ತಿಳಿದಿರಲಿಲ್ಲ. ತಿಳಿದುಕೊಳ್ಳದೆ ತೀರ್ಪು ಹೇಳುವುದು ಮೇಷ್ಟರಿಗೆ ತಕ್ಕುದಲ್ಲವೆಂದು ವಾರದ ಗಡುವು ಕೇಳಿದೆವು.

ವಿಚಾರಿಸಿ ನೋಡಿದರೆ, ಮೂವತ್ತು ವರ್ಷ ನಾವೇ ಕರಿಹಲಗೆಯ ಮೇಲೆ ಬರೆದ ಪಾಠವು ಆ ಹಲಗೆಯೊಳಗೆ ಅಡಗಿದ್ದಿತು. ಸುರುಳಿಯ ಬಳಿ ಅಯಸ್ಕಾಂತದ ಪ್ರಭಾವವು ಹೆಚ್ಚುಕಡಿಮೆಯಾದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿದನಷ್ಟೆ. ಪಿಕಪ್ ಎಂಬುದು ಅಷ್ಟೇ: ಅಯಸ್ಕಾಂತದ ಆರು ಕಡ್ಡಿಗಳು, ಅವುಗಳ ಸುತ್ತ ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತು. ಮೇಲಿನ ಉಕ್ಕಿನ ತಂತಿಯು ಕಡ್ಡಿಯ ಪ್ರಭಾವದಿಂದ ತಾನೂ ಕೊಂಚ ಅಯಸ್ಕಾಂತವಾಗಿ ಮಿಡಿಯುತ್ತದೆ. ಆ ಮಿಡಿತವೇ ಸುರುಳಿಯಲ್ಲಿ ವಿದ್ಯುತ್ತಾಗುತ್ತದೆ. ಈ ಉಪಾಯದ ಗಿಟಾರು 1932ರಲ್ಲಿ ಅಮೆರಿಕೆಯ ಲಾಸ್ ಏಂಜಲೀಸಿನಲ್ಲಿ ಮಾರಾಟಕ್ಕೆ ಬಂದಿತು. ಜಾರ್ಜ್ ಬೋಶಾಂಪ್ ಎಂಬಾತನು ಯೋಚಿಸಿ ಮಾಡಿದ ಆ ವಾದ್ಯದ ರೂಪವನ್ನು ನೋಡಿ ಜನರು ಅದನ್ನು ಬಾಣಲೆ ಎಂದೇ ಕರೆದರು. ತಮ್ಮನ ಗಿಟಾರು 1954ರಲ್ಲಿ ಫೆಂಡರ್ ಸಂಸ್ಥೆಯವರು ಹೊರತಂದ ಸ್ಟ್ರಾಟೊಕ್ಯಾಸ್ಟರ್ ಎಂಬ ಮಾದರಿಯನ್ನು ನೋಡಿ ಯಾರೋ ಮಾಡಿದ ಪ್ರತಿ.

ಆಗ ನಮಗೆ ನಮ್ಮೂರಿನ ಪಿಟೀಲು ಚೌಡಯ್ಯನವರ ನೆನಪಾಯಿತು. ಧ್ವನಿವರ್ಧಕಗಳು ಬಳಕೆಗೆ ಬಾರದ ಕಾಲದಲ್ಲಿ, ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು ಅವರು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿಕೊಂಡರು. ಕೇಳುವವನಿಗೆ ಕೇಳಿಸಬೇಕೆಂಬ ಆಸೆ ಎಲ್ಲ ವಾದಕರಿಗೂ ಒಂದೇ. ನಾವು ನಕ್ಕದ್ದು ತಪ್ಪೆಂದು ಅಂದು ಮೊದಲ ಬಾರಿಗೆ ತೋರಿತು.

ಮೊರೆತದ ಕಾರಣವೂ ತಿಳಿಯಿತು. ಮನೆಯ ದೀಪ, ಪಂಖಗಳಲ್ಲಿ ಹರಿಯುವ ವಿದ್ಯುತ್ತು ದಿಕ್ಕು ಬದಲಾಯಿಸುತ್ತ ಸೆಕೆಂಡಿಗೆ 50 ಚಕ್ರಗಳನ್ನು ಸುತ್ತುತ್ತದೆ. ತಂತಿಯ ಮಿಡಿತವನ್ನು ಹಿಡಿಯುವ ಸುರುಳಿ ಇದನ್ನೂ ಹಿಡಿಯುತ್ತದೆ. ಅಮೆರಿಕೆಯ ಗಿಬ್ಸನ್ ಸಂಸ್ಥೆಯಲ್ಲಿದ್ದ ಸೆತ್ ಲವರ್ ಎಂಬಾತನು 1955ರಲ್ಲಿ ಇದಕ್ಕೊಂದು ಪರಿಹಾರವನ್ನು ರೂಪಿಸಿದನು. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಸುತ್ತಿನ ದಿಕ್ಕನ್ನೂ ಅಯಸ್ಕಾಂತದ ಧ್ರುವವನ್ನೂ ಒಂದಕ್ಕೊಂದು ವಿರುದ್ಧವಾಗಿರಿಸಿದರೆ, ತಂತಿಯ ನಾದವು ಕೂಡಿಕೊಳ್ಳುತ್ತದೆ. ಹೊರಗಿನ ಮೊರೆತವು ಕಳೆದುಹೋಗುತ್ತದೆ. ಹುಡುಗನು ಕೇಳಿದ ಜೋಡಿಸುರುಳಿ ಇದೇ. ಆದರೆ ಇದರ ದನಿ ದಪ್ಪ. ಒಂಟಿಸುರುಳಿಯಲ್ಲಿರುವ ಗಾಜಿನಂತಹ ತಿಳಿತನ ಇದರಲ್ಲಿ ಅಷ್ಟಾಗಿ ಇರದು. ಅಗಲದ ಜೋಡಿಸುರುಳಿಗಳನ್ನು ಕೂರಿಸಬೇಕಾದರೆ ನಮ್ಮ ಗಿಟಾರಿನ ಮರವನ್ನೇ ಕೆತ್ತಬೇಕಾಗಬಹುದು. ಒಂಟಿಯಷ್ಟೇ ಅಳತೆಯವು ದೊರೆಯುತ್ತವಾದರೂ ಅವಕ್ಕೆ ಹೊಂದುವಂತೆ ಒಳಗಿನ 250 ಸಾವಿರ ಓಮಿನ ಗುಂಡಿಗಳ ಬದಲು ಸಾಮಾನ್ಯವಾಗಿ 500 ಸಾವಿರದವನ್ನು ಹಾಕುವುದು ವಾಡಿಕೆ.

ವಾರದ ಕೊನೆಗೆ ಗಿಟಾರನ್ನು ಹೊತ್ತುಕೊಂಡು ನಮ್ಮ ಪರಿಚಯದ ಹಳೆಯ ರೇಡಿಯೋ ರಿಪೇರಿಯವರ ಬಳಿಗೆ ಹೋದೆವು. ಅವರು ಎರಡು ತಿಳಿವಳಿಕೆ ಹೇಳಿದರು. “ಸ್ವಾಮಿ, ತಿರುಪು ಮುಟ್ಟುವುದಕ್ಕೆ ಮುಂಚೆ ಈಗ ಏನು ಹೇಗಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಎರಡನೆಯದು, ಸತ್ತಿರುವುದನ್ನು ಮಾತ್ರ ಬದಲಾಯಿಸಿ; ಬದುಕಿರುವುದನ್ನು ಹೊಂದಿಸಿ ನೋಡಿ.” ಮಲ್ಟಿಮೀಟರನ್ನು ಹಚ್ಚಿದಾಗ ಎರಡು ಪಿಕಪ್‌ಗಳು ಆರಾರು ಸಾವಿರ ಓಮಿನ ಆಸುಪಾಸು ತೋರಿಸಿದುವು. ಮೂರನೆಯದರಲ್ಲಿ ಮುಳ್ಳು ಅಲುಗಲಿಲ್ಲ. ಬೆವರಿನ ತೇವವು ವರ್ಷಾನುವರ್ಷ ಇಳಿದು, ಸುರುಳಿಯ ಅಂಚಿನಲ್ಲಿ ತಂತಿ ಹಸುರುಗಟ್ಟಿ ತುಂಡಾಗಿದ್ದಿತು. ಉಳಿದೆರಡರ ಮೊರೆತ ಹೆಚ್ಚಾಗಿದ್ದುದಕ್ಕೆ ಒಳಗಿನ ಭೂಸಂಪರ್ಕದ ತಂತಿಯೊಂದು ಬೆಸುಗೆ ಬಿಟ್ಟುಕೊಂಡದ್ದೇ ಕಾರಣ. ಅದನ್ನು ಬೆಸೆದು, ಒಳಗುಳಿಗೆ ತಾಮ್ರದ ಹಾಳೆ ಅಂಟಿಸಿ, ಆ ಹಾಳೆಗೂ ಭೂಸಂಪರ್ಕ ಕೊಟ್ಟಮೇಲೆ ಮೊರೆತವು ಮುಕ್ಕಾಲು ಪಾಲು ಅಡಗಿತು. ಒಂಟಿಸುರುಳಿಯಲ್ಲಿ ಅದು ಪೂರ್ಣ ಹೋಗದು.

ಆದುದರಿಂದ ಒಂದನ್ನು ಮಾತ್ರ ಕೊಳ್ಳುವುದೆಂದು ಗೊತ್ತಾಯಿತು. ಆ ಒಂದನ್ನು ಆರಿಸುವ ಭಾರವನ್ನು ಹುಡುಗನಿಗೇ ಬಿಟ್ಟೆವು. ಆರಿಸುವ ಬಗೆಯನ್ನು ಮಾತ್ರ ಕೂಡಿ ಕಲಿತೆವು. ಮೊದಲು ಅಳತೆ: ಕುದುರೆಯ ಬಳಿ ಮೊದಲ ತಂತಿಯಿಂದ ಆರನೆಯದಕ್ಕೆ ಎಷ್ಟು ದೂರವೋ, ಪಿಕಪ್ಪಿನ ಕಡ್ಡಿಗಳೂ ಹೆಚ್ಚುಕಡಿಮೆ ಅಷ್ಟೇ ಹರಡಿರಬೇಕು. ನಮ್ಮದರಲ್ಲಿ 52 ಮಿಲಿಮೀಟರು. ಅನಂತರ ಅಯಸ್ಕಾಂತ: ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಅಲ್ನಿಕೋ ಎಂಬ ಕಬ್ಬಿಣವೋ, ಅದಕ್ಕಿಂತ ಬಲವಾದ ಸದ್ದು ಕೊಡುವ ಸಿರಾಮಿಕ್ಕೋ ಎಂಬುದು. ಮೂರನೆಯದು ಸುತ್ತು: ಸುತ್ತು ಹೆಚ್ಚಿದಷ್ಟೂ ಸದ್ದು ಹೆಚ್ಚುತ್ತದೆ, ಆದರೆ ಮೇಲಿನ ಹೊಳಪು ಮಂಕಾಗುತ್ತದೆ. ಕುದುರೆಯ ಬಳಿ ತಂತಿಯ ಓಲಾಟ ಕಡಿಮೆ. ಅಲ್ಲಿಗೆ ನಾಲ್ಕು ಸುತ್ತು ಹೆಚ್ಚಿಗೆ ಇದ್ದರೆ ಒಳ್ಳೆಯದು. ಹುಡುಗನು ಎರಡು ದಿನ ಯೋಚಿಸಿ, ಎಲ್ಲಕ್ಕಿಂತ ಜೋರಾದುದನ್ನು ಬಿಟ್ಟು, ಅಪ್ಪನ ಎರಡರ ಜೊತೆಗೆ ಬೆರೆಯಬಲ್ಲ ಏಳು ಸಾವಿರ ಓಮಿನ ಅಲ್ನಿಕೋ ಪಿಕಪ್ಪನ್ನು ತರಿಸಿದನು. ಅವನ ವಿವೇಕವನ್ನು ಕಂಡು ನಾವು ಒಳಗೊಳಗೇ ಸಂತೋಷಪಟ್ಟೆವು.

ಕೂರಿಸಿದ ದಿನ ಒಂದು ಪೇಚಾಟವಾಯಿತು. ಹೊಸದು ಒಂಟಿಯಾಗಿ ಚೆನ್ನಾಗಿ ನುಡಿಯಿತು. ನಡುವಿನದರೊಡನೆ ಸೇರಿಸಿದರೆ ಡಬ್ಬಿಯೊಳಗಿಂದ ಬಂದಂತೆ ದನಿ ಸಣ್ಣಗಾಯಿತು. ಶಾಲೆಯ ಕಾಲದ ದಿಕ್ಸೂಚಿಯನ್ನು ಪೆಟ್ಟಿಗೆಯಿಂದ ತೆಗೆದು ಹಿಡಿದು ನೋಡಿದೆವು. ಹೊಸದರ ಮೇಲ್ಮುಖದ ಧ್ರುವ ಬೇರೆ, ನಡುವಿನದರದು ಬೇರೆ. ಸುತ್ತಿನ ದಿಕ್ಕು ಮಾತ್ರ ಒಂದೇ ಆಗಿದ್ದುದರಿಂದ ಒಂದರ ನಾದವನ್ನು ಇನ್ನೊಂದು ತಿಂದುಹಾಕುತ್ತಿದ್ದಿತು. ಹೊಸದರ ಎರಡು ತಂತಿಗಳನ್ನು ಅದಲುಬದಲು ಮಾಡಿ ಬೆಸೆದೊಡನೆ ಎರಡೂ ಕೂಡಿದುವು. ಎರಡೂ ಕೂಡಿ ನುಡಿಯುವಾಗ ಮೊರೆತವೂ ಅಡಗಿದ್ದು ಬಯಸದೆ ಬಂದ ಲಾಭ.

ಇನ್ನು ಹೊಂದಿಸುವ ಕೆಲಸ. ಹುಡುಗನು ಸದ್ದಿನ ಆಸೆಯಿಂದ ತಿರುಪುಗಳನ್ನು ತಿರುಗಿಸಿ ಪಿಕಪ್ಪನ್ನು ತಂತಿಗೆ ತಗುಲುವಷ್ಟು ಎತ್ತಿದನು. ಆಗ ದಪ್ಪ ತಂತಿಯು ಒಂದೇ ಮಿಡಿತಕ್ಕೆ ಎರಡು ಸ್ವರ ಹೊರಡಿಸಿ ಒಲೆದಾಡಿತು. ಎಷ್ಟು ಬಿಗಿದರೂ ಶ್ರುತಿಗೆ ನಿಲ್ಲದು. ತೀರ ಹತ್ತಿರ ಬಂದ ಅಯಸ್ಕಾಂತವು ತಂತಿಯನ್ನು ತನ್ನ ಕಡೆಗೆ ಸೆಳೆದು, ಅದನ್ನು ಸ್ವತಂತ್ರವಾಗಿ ಮಿಡಿಯಗೊಡುವುದಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ ಹಿಡಿದು, ಕಡ್ಡಿಯ ತುದಿಗೂ ತಂತಿಗೂ ನಡುವೆ ದಪ್ಪ ತಂತಿಯ ಕಡೆ 2.4, ತೆಳು ತಂತಿಯ ಕಡೆ 2 ಮಿಲಿಮೀಟರು ಬಿಟ್ಟಾಗ ನಾದವು ಬಿಡಿಸಿಕೊಂಡಿತು. ಅಲ್ಲಿಂದ ಮುಂದೆ ಅಳತೆಪಟ್ಟಿಗೆ ಕೆಲಸವಿಲ್ಲ. ಕಾಲು ಸುತ್ತು ಮೇಲೆ, ಕಾಲು ಸುತ್ತು ಕೆಳಗೆ, ಪ್ರತಿ ಬಾರಿಯೂ ನುಡಿಸಿ ಕೇಳಬೇಕು. ನಮ್ಮ ತಾಯಿಯವರು ತಂಬೂರಿಯ ಕುದುರೆಯ ಮೇಲೆ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿ ಕಿವಿಗೊಡುತ್ತಿದ್ದುದು ನೆನಪಾಯಿತು.

ಕೊರಳಿನ ಕಡೆಯ ಪಿಕಪ್ಪು ಓರೆಯಾಗಿ ಕುಳಿತಿದ್ದಿತು. ದಪ್ಪ ತಂತಿಯ ಕಡೆ ಸರಿಯಾಗಿಯೂ, ತೆಳು ತಂತಿಗಳ ಕಡೆ ಬಹಳ ಆಳಕ್ಕೂ ಇಳಿದಿದ್ದಿತು. ಹಳೆಯದಾಗಿ ಕುಸಿದಿರಬೇಕೆಂದು ಭಾವಿಸಿ ನಾವೇ ಅದನ್ನು ಎತ್ತಿ ಸಮಮಾಡಿದೆವು. ಹುಡುಗನು ಅಪ್ಪನು ನುಡಿಸುತ್ತಿದ್ದ ಒಂದು ಸಾಲನ್ನು ನುಡಿಸಿದನು. ಅಡಿಗೆಮನೆಯಿಂದ ಅವನ ತಾಯಿ ಕೈ ಒರಸಿಕೊಳ್ಳುತ್ತ ಬಂದು, “ಅದು ಅವರ ದನಿಯಲ್ಲ” ಎಂದಳು.

ಏನಾಯಿತೆಂದು ಕೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಕಡೆ ಇಳಿಸಿದ್ದವರು ಅವರೇ ಭಾವ. ನಿಮಗೆ ಕಿವಿ ಚುಚ್ಚುತ್ತದೆ ಎಂದು ಒಂದು ರಾತ್ರಿ ಕುಳಿತು ಇಳಿಸಿದರು. ರಾತ್ರಿ ಹೊತ್ತು ಅದೊಂದರಲ್ಲೇ ನುಡಿಸುತ್ತಿದ್ದರು” ಎಂದಳು.

ನಮಗೆ ಮಾತು ಹೊರಡಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕು ಗೋಡೆಯ ಈಚೆ ಕುಳಿತು, ತಮ್ಮನ ಕೈ ಮೆದುವಾಯಿತೆಂದು ನಾವು ತಿಳಿದಿದ್ದೆವು. ಅವನು ಸಣ್ಣ ತಿರುಪೊಂದನ್ನು ನಮಗಾಗಿ ಇಳಿಸಿದ್ದನು. ಒಂದು ಮಾತೂ ಹೇಳಿರಲಿಲ್ಲ. ರಿಪೇರಿಯವರ ಬುದ್ಧಿವಾದದಂತೆ ಹುಡುಗನು ಮೊದಲೇ ತನ್ನ ನೋಟುಪುಸ್ತಕದಲ್ಲಿ ಅಳತೆಗಳನ್ನು ಬರೆದಿಟ್ಟಿದ್ದನು: ದಪ್ಪ ಕಡೆ ಎರಡೂವರೆ, ತೆಳು ಕಡೆ ಐದು ಮಿಲಿಮೀಟರು. ಅದು ಇಲ್ಲದಿದ್ದರೆ ಆ ದನಿಯನ್ನು ನಮ್ಮ ಕೈಯಿಂದಲೇ ಕಳೆದುಬಿಡುತ್ತಿದ್ದೆವು. ಬರೆದಂತೆ ಮತ್ತೆ ಇಳಿಸಿದೆವು. ಹುಡುಗನು ಅದೇ ಸಾಲನ್ನು ಮತ್ತೊಮ್ಮೆ ನುಡಿಸಿದನು. ಅವಳು ಕೇಳಿ, ಏನನ್ನೂ ಹೇಳದೆ ಒಳಗೆ ಹೋದಳು. ಒಲೆಯ ಸದ್ದು ಮಾತ್ರ ಬಹಳ ಹೊತ್ತು ಕೇಳಿಬರಲಿಲ್ಲ.

ಅವಳು ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ದನಿಯು ಅಯಸ್ಕಾಂತದಲ್ಲಿಯೂ ಸುರುಳಿಯಲ್ಲಿಯೂ ಇರುವುದು ನಿಜ, ಆದರೆ ಅದನ್ನು ಎಷ್ಟು ಹತ್ತಿರವಿಡಬೇಕು, ಎಷ್ಟು ದೂರವಿಡಬೇಕು ಎಂದು ಗೊತ್ತುಮಾಡಿದವನ ಕಿವಿಯಲ್ಲಿಯೂ ಇದೆ. ಹೊಸದನ್ನು ಕೊಳ್ಳುವ ಮುಂಚೆ ಹಳೆಯದರ ಅಳತೆಯನ್ನು ಬರೆದುಕೊಳ್ಳತಕ್ಕದ್ದು ಇದಕ್ಕಾಗಿಯೇ.

ಈಗ ಕೊರಳಿನ ಕಡೆಯದು ಅಪ್ಪನದು, ಕುದುರೆಯ ಕಡೆಯದು ಮಗನದು. ನಡುವಣ ಸಣ್ಣ ಕೀಲಿಯನ್ನು ಸರಿಸಿ ಅವನು ಬೇಕಾದುದನ್ನು ನುಡಿಸುತ್ತಾನೆ. ಮೂಕವಾದ ಪಿಕಪ್ಪು ಅವನ ತಾಯಿಯ ಕುಂಕುಮದ ಪೆಟ್ಟಿಗೆಯಲ್ಲಿದೆ. ಮೊನ್ನೆ ರಾತ್ರಿ ಹುಡುಗನು ಬಾಗಿಲು ಮುಂದೆಮಾಡಿಕೊಂಡು, “ದೊಡ್ಡಪ್ಪ, ನನ್ನದು ತುಸು ಹರಿತ. ನಿಮಗೆ ಚುಚ್ಚುತ್ತದೆಯೇ? ಇಳಿಸಲೇ?” ಎಂದು ಕೂಗಿ ಕೇಳಿದನು.

“ಇಳಿಸಬೇಡ. ಬಾಗಿಲು ತೆರೆದಿಡು” ಎಂದೆವು.