ಹೊಗೆ ಯಾವಾಗ ಬರುತ್ತೆ ಅಂತ ಮೊದಲು ಕೇಳಿ

ಅಪ್ಪನ ಬುಲೆಟ್ಟು ಹೊಗೆ ಬಿಡೋಕೆ ಶುರುಮಾಡಿ ಎರಡು ವರ್ಷ ಆಗಿತ್ತು. 1986ರ ಗಾಡಿ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಈಗಿನ ಹುಡುಗರು ಹತ್ತಿದರೆ ಬ್ರೇಕ್ ಒತ್ತೋಕೆ ಹೋಗಿ ಗೇರ್ ಬದಲಾಯಿಸ್ತಾರೆ :-) ಮೂಡಿಗೆರೆಯ ನಮ್ಮನೆ ಮುಂದೆ ಅದು ಸ್ಟಾರ್ಟ್ ಆಯ್ತು ಅಂದ್ರೆ ಪಕ್ಕದ ಮನೆ ಅಜ್ಜಿ ಒಣಗಲು ಹಾಕಿದ ಬಟ್ಟೆ ಒಳಗೆ ತಗೊಂಡು ಹೋಗೋ ಪರಿಸ್ಥಿತಿ.

ಊರಿನ ಮೆಕ್ಯಾನಿಕ್ ಒಂದೇ ಮಾತಲ್ಲಿ ಮುಗಿಸಿದ್ರು. "ಬೋರ್ ಹೋಗಿದೆ ಮೇಷ್ಟ್ರೇ, ರೀಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಬಿಡೋಣ." ಅಪ್ಪ ಫೋನಲ್ಲಿ ಹೇಳಿದ್ದು ಇನ್ನೂ ಚಿಕ್ಕ ಮಾತು: "ಯಾರಾದ್ರೂ ಕೇಳಿದ್ರೆ ಕೊಟ್ಬಿಡೋಣ ಕಣೋ."

ರೀಬೋರ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ: 350 ಬುಲೆಟ್ಟಿನ ಸಿಲಿಂಡರ್ ಒಳಗಿನ ಅಗಲ 70 ಮಿಮೀ, ಪಿಸ್ಟನ್ ಓಡಾಡುವ ದೂರ 90 ಮಿಮೀ. ಗೋಡೆ ಸವೆದಾಗ ಅದನ್ನು ಸ್ವಲ್ಪ ಹೆರೆದು, ಸ್ವಲ್ಪ ದೊಡ್ಡ ಪಿಸ್ಟನ್ ಹಾಕ್ತಾರೆ. ಹೆರೆದ ಬೀಡುಕಬ್ಬಿಣ ಪುಡಿಯಾಗಿ ವರ್ಕ್‌ಶಾಪಿನ ನೆಲದ ಮೇಲೆ ಬೀಳುತ್ತೆ, ಮತ್ತೆ ವಾಪಸ್ ಬರೋಲ್ಲ. ಓವರ್‌ಸೈಜ್ ಪಿಸ್ಟನ್‌ಗಳ ಅಳತೆ ಮುಗಿದ ಮೇಲೆ ಒಳಗೆ ಸ್ಲೀವ್ ಹಾಕಿಸಬೇಕು, ಇಲ್ಲಾ ಬ್ಯಾರೆಲ್ಲೇ ಬದಲಾಯಿಸಬೇಕು. ಅಪ್ಪನ ಗಾಡಿಗೆ ಆಗಲೇ ಎರಡು ಸಲ ರೀಬೋರ್ ಆಗಿತ್ತು. ಹಾಗಾಗಿ ಮೂರನೇ ಸಲ ಕಬ್ಬಿಣಕ್ಕೆ ಕೈ ಹಾಕೋ ಮುಂಚೆ ಖಾತ್ರಿ ಮಾಡ್ಕೋಬೇಕು ಅನ್ನಿಸ್ತು.

ಆಫೀಸಲ್ಲಿ ಏನಾದ್ರೂ ಕೆಟ್ಟರೆ ನಾವು ಮೊದಲು ಕೇಳೋದು "ಯಾವಾಗ ಆಗುತ್ತೆ?" ಅಂತ. ಹೊಗೆಗೂ ಅದೇ ಪ್ರಶ್ನೆ. ಕಪ್ಪು ಹೊಗೆ ಅಂದ್ರೆ ಪೆಟ್ರೋಲ್ ಜಾಸ್ತಿ. ಚಳಿ ಬೆಳಗ್ಗೆ ಬಂದು ಹೋಗುವ ತೆಳು ಬಿಳಿ ಬರೀ ನೀರಿನ ಆವಿ. ನೀಲಿ ಅಂದ್ರೆ ಆಯಿಲ್. ನಮ್ಮದು ಅಪ್ಪಟ ನೀಲಿ.

ಆಯಿಲ್ ಉರಿಯೋಕೆ ಮುಖ್ಯವಾಗಿ ಮೂರು ದಾರಿ. ಒಂದು, ಕೆಳಗಿಂದ, ಸವೆದ ರಿಂಗು ದಾಟಿ. ಆಗ ಎಂಜಿನ್ ಮೇಲೆ ಭಾರ ಬಿದ್ದಾಗೆಲ್ಲ, ಅಂದ್ರೆ ಏರು ಹತ್ತುವಾಗ, ಹೊಗೆ ಬಿಡದೆ ಬರುತ್ತೆ. ಎರಡು, ಮೇಲಿಂದ, ಇನ್‌ಲೆಟ್ ವಾಲ್ವ್ ಗೈಡ್ ಸವೆದು. ಥ್ರಾಟಲ್ ಮುಚ್ಚಿ ಇಳಿಯುವಾಗ ಇನ್‌ಲೆಟ್ ದಾರಿಯಲ್ಲಿ ಎಳೆತ ಜಾಸ್ತಿ ಇರುತ್ತೆ, ಅದು ಗೈಡಿನ ಸಂದಿಯಿಂದ ಆಯಿಲ್ ಹೀರುತ್ತೆ. ಮತ್ತೆ ಥ್ರಾಟಲ್ ತಿರುಗಿಸಿದ ತಕ್ಷಣ ಬುಸ್ ಅಂತ ಒಂದು ಮೋಡ. ಮೂರನೆಯದು ಹಳೇ ಬುಲೆಟ್‌ಗಳಲ್ಲಿ ಮಾಮೂಲಿ: ವಾರಗಟ್ಟಲೆ ನಿಂತ ಗಾಡಿಯಲ್ಲಿ ಆಯಿಲ್ ತನ್ನ ಜಾಗ ಬಿಟ್ಟು ಪಂಪಿನ ಮೂಲಕ ಫ್ಲೈವೀಲ್ ಕಡೆ ಇಳಿದಿರುತ್ತೆ. ಸ್ಟಾರ್ಟ್ ಮಾಡಿದಾಗ ಊರೆಲ್ಲ ಹೊಗೆ, ಪಂಪು ಅದನ್ನು ವಾಪಸ್ ಎತ್ತಿದ ಮೇಲೆ ತಣ್ಣಗೆ.

ನನಗೆ ಸಿಕ್ಕ ದೊಡ್ಡ ನಿಧಿ ಅಪ್ಪನ ನೋಟ್‌ಬುಕ್. ಮೇಷ್ಟ್ರು ನೋಡಿ, ಹಾಕಿಸಿದ ಪೆಟ್ರೋಲು, ಸುರಿದ ಆಯಿಲ್ಲು ಎಲ್ಲ ತಾರೀಖಿನ ಸಮೇತ ಬರೆದಿಟ್ಟಿದ್ದಾರೆ. ಇಷ್ಟು ಚೆಂದದ ಲಾಗ್ ಫೈಲ್ ನಮ್ಮ ಟೀಮಲ್ಲಿ ಯಾರೂ ಬರೆದಿಲ್ಲ! ಧರ್ಮಸ್ಥಳಕ್ಕೆ ಹೋದ ತಿಂಗಳೆಲ್ಲ ಗಾಡಿ ಆಯಿಲ್ ಜಾಸ್ತಿ ಕುಡಿದಿತ್ತು. ಅಂದ್ರೆ ಘಾಟಿ. ಆದ್ರೆ ಘಾಟಿ ಇಳಿದವರು ಹತ್ತಲೂ ಬೇಕಲ್ಲ, ಯಾವುದರಲ್ಲಿ ಕುಡೀತು?

ಜನವರಿಯ ಒಂದು ಭಾನುವಾರ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದ್ವಿ. ಅಪ್ಪ ಬುಲೆಟ್ಟಲ್ಲಿ ಮುಂದೆ, ನಾನು ಚಿಕ್ಕಪ್ಪನ ಮಗನ ಬೈಕಲ್ಲಿ ಹಿಂದೆ. ಪ್ರತಿ ತಿರುವು ದಾಟಿ ಅಪ್ಪ ಥ್ರಾಟಲ್ ಕೊಟ್ಟಾಗ ಒಂದು ನೀಲಿ ಮೋಡ ನೇರ ನನ್ನ ಮುಖಕ್ಕೆ. ವಾಪಸ್ ಹತ್ತುವಾಗ? ಸೈಲೆನ್ಸರ್ ಹೆಚ್ಚುಕಡಿಮೆ ಸ್ವಚ್ಛ. ಅರವತ್ತೆಂಟರ ಅಪ್ಪ ಆ ತಿರುವುಗಳಲ್ಲಿ ಗಾಡಿ ವಾಲಿಸೋದನ್ನ ಹಿಂದಿನಿಂದ ನೋಡ್ತಾ, ಈ ಮನುಷ್ಯ ಇದನ್ನ ಮಾರ್ತೀನಿ ಅಂದಿದ್ದು ಹೊಗೆಯ ನಾಚಿಕೆಗೆ ಮಾತ್ರ ಅಂತ ಗೊತ್ತಾಯ್ತು.

ಮನೆಗೆ ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಕಂಪ್ರೆಷನ್ ಗೇಜ್ ಹಾಕಿದೆ. ಥ್ರಾಟಲ್ ಪೂರ್ತಿ ತೆರೆದು ಕಿಕ್ ಹೊಡೆದಾಗ 95 ಪಿಎಸ್‌ಐ. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಹೊಡೆದಾಗ 100. ರಿಂಗು ಸವೆದಿದ್ರೆ ಆ ಆಯಿಲ್ ಸಂದಿ ಮುಚ್ಚಿ ಒತ್ತಡ ಚೆನ್ನಾಗಿ ಏರಬೇಕಿತ್ತು. ಬ್ರೀದರ್ ಪೈಪಿಂದಲೂ ಹೊಗೆ ಒತ್ತಿ ಬರ್ತಿರಲಿಲ್ಲ. ಒಂದು ಮಾತು ನೆನಪಿಡಿ, ಸವೆದ ಗೈಡನ್ನು ಈ ಗೇಜು ತೋರಿಸೋಲ್ಲ. ಅದಕ್ಕೆ ಹೆಡ್ ಬಿಚ್ಚಲೇಬೇಕು.

ಬಿಚ್ಚಿದ್ವಿ. ಪಿಸ್ಟನ್ ತಲೆಯ ಅಂಚಿನವರೆಗೂ ಒಣ ಮಸಿ. ರಿಂಗು ದಾಟಿ ಆಯಿಲ್ ಬಂದಿದ್ರೆ ಅಂಚು ತೊಳೆದ ಹಾಗೆ ಇರುತ್ತೆ. ಬೋರಿನ ಮೇಲ್ತುದಿಯಲ್ಲಿ ಉಗುರಿಗೆ ಸಿಗೋಂಥ ಮೆಟ್ಟಿಲೂ ಇಲ್ಲ. ಆದ್ರೆ ಇನ್‌ಲೆಟ್ ವಾಲ್ವಿನ ಬೆನ್ನ ಮೇಲೆ ಸೀದ ಬೆಲ್ಲದ ಪಾಕದ ಥರ ಅಂಟು ಮಸಿ. ಸ್ಪ್ರಿಂಗ್ ತೆಗೆದು ವಾಲ್ವ್ ಅಲ್ಲಾಡಿಸಿದ್ರೆ ಹಾಲುಹಲ್ಲಿನ ಹಾಗೆ ಆಡ್ತಿತ್ತು.

ಹೆಡ್ಡನ್ನು ಬೆನ್ನಿನ ಚೀಲದಲ್ಲಿ ಹಾಕ್ಕೊಂಡು ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ತಂದೆ. ವರ್ಕ್‌ಶಾಪಲ್ಲಿ ಹೆಡ್ ಬಿಸಿ ಮಾಡಿ ಹಳೇ ಗೈಡ್ ಹೊರಗೆ ತಟ್ಟಿ, ಹೊಸದು ಕೂರಿಸಿ, ರೀಮರ್ ಹಾಕಿ ಅಳತೆಗೆ ತಂದ್ರು. ಗೈಡ್ ಬದಲಾದರೆ ವಾಲ್ವಿನ ನಡುಗೆರೆ ಕೂದಲೆಳೆ ಸರಿಯುತ್ತೆ, ಅದಕ್ಕೆ ಸೀಟನ್ನೂ ಕಟ್ ಮಾಡಿಸಲೇಬೇಕು. ಆಮೇಲೆ ಪೇಸ್ಟ್ ಹಚ್ಚಿ ವಾಲ್ವ್ ಉಜ್ಜಿ, ಪೋರ್ಟಿಗೆ ಸೀಮೆಎಣ್ಣೆ ಸುರಿದು ಸೋರಲ್ಲ ಅಂತ ನೋಡಿಕೊಂಡ್ವಿ. ಊರಲ್ಲಿ ಹೊಸ ಗ್ಯಾಸ್ಕೆಟ್ ಹಾಕಿ ಹೆಡ್ ಕೂರಿಸಿ ಟ್ಯಾಪೆಟ್ ಹೊಂದಿಸಿದ್ದು ಅಪ್ಪನೇ. ಎಂಜಿನ್ ತಣ್ಣಗಿದ್ದಾಗ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಅಪ್ಪನ ಬೆರಳಿಗೆ ಗೇಜ್ ಬೇಕಿಲ್ಲ.

ಆಮೇಲಿನ ಎರಡು ಧರ್ಮಸ್ಥಳದ ಟ್ರಿಪ್‌ಗಳ ಮುಂದೆ ನೋಟ್‌ಬುಕ್ಕಲ್ಲಿ ಆಯಿಲ್ ಕಾಲಂ ಖಾಲಿ ಇದೆ. ಮಾರೋ ಮಾತನ್ನ ಅಪ್ಪ ಮತ್ತೆ ಎತ್ತಿಲ್ಲ, ನಾನೂ ಕೇಳಿಲ್ಲ.

ಬೋರು ಒಂದು ದಿನ ನಿಜಕ್ಕೂ ಸವೆಯುತ್ತೆ. ಅವತ್ತು ಹೆರೆಸೋಣ. ಅದಕ್ಕೆ ಬೇಕಾದಷ್ಟು ಕಬ್ಬಿಣ ಇನ್ನೂ ಬ್ಯಾರೆಲ್ಲಲ್ಲೇ ಇದೆ.